ಕಡಲಹೂವಿಗೆ ಎರೆದ ನೀರು

ನನ್ನ ಮಗ ತಂದು ಸಾಕಿದ, ಅವನು ಹೋದ ಮೇಲೆ ಸೊಸೆ ಕಾಪಾಡಿಕೊಂಡು ಬಂದ ಒಂದು ಜೀವವನ್ನು ಕೊಂದವನು ನಾನು. ಬೇಕೆಂದು ಕೊಲ್ಲಲಿಲ್ಲ. ಆದರೆ ಅದಾದ ಮೇಲೆ ಐದು ದಿನ ಬಾಯಿ ಮುಚ್ಚಿಕೊಂಡು ಕೂತೆನಲ್ಲ, ಅದನ್ನು ಮಾತ್ರ ಬೇಕೆಂದೇ ಮಾಡಿದೆ. ಆ ಐದು ದಿನ ನನ್ನ ತಪ್ಪನ್ನು ತಲೆಯ ಮೇಲೆ ಹೊತ್ತವಳು ನನ್ನ ಹೆಂಡತಿ ಕಮಲಾ.

ನಾನು ರಮಾಕಾಂತ, ಧಾರವಾಡದವನು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿದ್ದೆ. ಅದರಲ್ಲಿ ಕೊನೆಯ ಹತ್ತು ವರ್ಷ ಊರೂರಿನ ಶಾಖೆಗಳಿಗೆ ಹೋಗಿ ಬೇರೆಯವರ ತಪ್ಪು ಹುಡುಕಿ ಬರೆಯುವುದೇ ಕೆಲಸ. ಆ ಚಾಳಿ ಮನೆಗೂ ಬಂತು. ಸಾರಿಗೆ ಉಪ್ಪು ಕಡಿಮೆಯಾದರೆ ಯಾರು, ಯಾವಾಗ, ಯಾಕೆ ಎಂದು ವಿಚಾರಣೆ ಮಾಡುವ ಮನುಷ್ಯ ನಾನು ಎಂದು ಕಮಲಾ ನೆಂಟರ ಮುಂದೆ ನಗುತ್ತಿದ್ದಳು. ನಗುವಾಗ ಅವಳು ಪೂರ್ತಿ ನಗುತ್ತಿರಲಿಲ್ಲ ಎನ್ನುವುದು ನನಗೆ ತಡವಾಗಿ ತಿಳಿಯಿತು.

ಮಗ ಕಿರಣ ಹೈಸ್ಕೂಲು ಮುಗಿಸುವ ಹೊತ್ತಿಗೆ ನನಗೆ ವಿಶಾಖಪಟ್ಟಣಕ್ಕೆ, ಜನ ವೈಜಾಗ್ ಎನ್ನುವ ಊರಿಗೆ, ವರ್ಗವಾಯಿತು. ನಾಲ್ಕು ವರ್ಷಕ್ಕೆ ನಾನು ಊರಿಗೆ ಮರಳಿದೆ, ಅವನು ಮರಳಲಿಲ್ಲ. ಅಲ್ಲೇ ಓದು ಮುಗಿಸಿ ಬಂದರಿನಲ್ಲಿ ಹಡಗಿನ ಸರಕು ಬಿಡಿಸಿಕೊಡುವ ಒಂದು ಕಂಪನಿ ಸೇರಿದ. ಅಲ್ಲಿಯ ಹುಡುಗಿ ಮಾಧವೀಲತಾಳನ್ನು ಮದುವೆಯಾಗಿ ಅದೇ ಊರಿನ ಮಧುರವಾಡದಲ್ಲಿ ಫ್ಲ್ಯಾಟು ಮಾಡಿದ. ಇದಕ್ಕೆಲ್ಲ ನನ್ನ ತಕರಾರಿರಲಿಲ್ಲ. ತಕರಾರು ಶುರುವಾದದ್ದು ಆ ಹುಳದಿಂದ.

ಹುಳ ಎನ್ನುತ್ತಿದ್ದವನು ನಾನೊಬ್ಬನೇ. ಅದರ ಹೆಸರು ಸೀ ಅನಿಮೋನ್. ಕಮಲಾ ಅದನ್ನು ಕಡಲಹೂವು ಎಂದು ಕರೆದಳು. ಹಾಲ್‌ನಲ್ಲಿ ಎದೆಯೆತ್ತರದ ಕಟ್ಟೆಯ ಮೇಲೆ ಐದಡಿ ಉದ್ದದ ಗಾಜಿನ ಟ್ಯಾಂಕು, ಅದರ ತುಂಬ ಉಪ್ಪುನೀರು, ನಡುವಿನ ಕಲ್ಲಿನ ಮೇಲೆ ಇದು. ಊಟದ ತಟ್ಟೆಗಿಂತ ಅಗಲ. ಮೈತುಂಬ ಬೆರಳಿನಂಥ ಎಳೆಗಳು, ತುದಿಯಲ್ಲಿ ನೇರಳೆ ಬಣ್ಣ. ನೋಡುವುದಕ್ಕೆ ಹೂವು, ನಿಜಕ್ಕೆ ಪ್ರಾಣಿ. ಕೆಳಗೆ ಒಂದೇ ಒಂದು ಪಾದ. ಅದರಿಂದ ಕಲ್ಲನ್ನು ಗಟ್ಟಿಯಾಗಿ ಹಿಡಿದು ಕೂರುತ್ತದೆ. ಆ ಎಳೆಗಳ ನಡುವೆ ಬಿಳಿ ಪಟ್ಟೆಯ ಕಿತ್ತಳೆ ಬಣ್ಣದ ಎರಡು ಮೀನುಗಳ ಸಂಸಾರ. ಬೇರೆ ಮೀನು ತಾಗಿದರೆ ಸುಡುವ ಎಳೆಗಳು ಇವೆರಡಕ್ಕೆ ಮಾತ್ರ ಹಾಸಿಗೆ. ನೀರಿನ ಉಪ್ಪು, ಬಿಸಿ, ಬೆಳಕು ಸ್ವಲ್ಪ ಹೆಚ್ಚುಕಡಿಮೆಯಾದರೂ ಅದು ಮುದುಡಿಕೊಳ್ಳುತ್ತದೆ. ಸರಿಯಾಗಿ ನೋಡಿಕೊಂಡರೆ ನಮ್ಮೆಲ್ಲರಿಗಿಂತ ಹೆಚ್ಚು ಬಾಳುತ್ತದೆ ಎಂದು ಕಿರಣ ಹೇಳುತ್ತಿದ್ದ.

ಎರಡು ಸಾವಿರದ ಹದಿನಾಲ್ಕರ ಅಕ್ಟೋಬರಿನಲ್ಲಿ ಧಾರವಾಡದಲ್ಲಿ ನನ್ನ ಅರವತ್ತರ ಶಾಂತಿ ಇತ್ತು. ನೂರಿಪ್ಪತ್ತು ಜನರಿಗೆ ಹೇಳಿದ್ದೆ. ಮಗ, ಸೊಸೆ ಮೂರು ದಿನ ಮೊದಲೇ ಬರಬೇಕು. ಹೊರಡುವ ದಿನ ಕಿರಣ ಫೋನ್ ಮಾಡಿದ. ವೈಜಾಗಿಗೆ ಚಂಡಮಾರುತ ಬರುತ್ತಿದೆಯಂತೆ, ಹುಡ್‌ಹುಡ್ ಎಂದು ಹೆಸರಂತೆ.

"ಅಪ್ಪಾ, ಕರೆಂಟ್ ಹೋಗೂದು ಪಕ್ಕಾ. ನಾ ಇಲ್ಲಂದ್ರ ಟ್ಯಾಂಕಿನ ಹೂವು ಉಳಿಯೂದಿಲ್ಲ. ಗಾಳಿ ದಾಟಿದ ಕೂಡ್ಲೇ ಬರ್ತೇನಿ," ಎಂದ.

ಪಕ್ಕದಲ್ಲಿ ನೆಂಟರಿದ್ದರು. ನನ್ನ ಮುಖ ಕಾದ ಹಂಚಾಗಿತ್ತು. "ಹಂಗಾರ ಇನ್ನ ಮ್ಯಾಲ ಅದಕ್ಕ ಅಪ್ಪಾ ಅನ್ನು," ಎಂದು ಫೋನ್ ಇಟ್ಟೆ.

ಚಂಡಮಾರುತ ಬಂತು, ಊರನ್ನು ಕೆಡವಿತು. ಕರೆಂಟಿಲ್ಲದ ದಿನಗಳಲ್ಲಿ ಕಿರಣ ಟ್ಯಾಂಕಿನ ನೀರನ್ನು ಮಗ್ಗಿನಲ್ಲಿ ಎತ್ತಿ ಎತ್ತಿ ಮತ್ತೆ ಅದಕ್ಕೇ ಸುರಿದು ಗಾಳಿಯಾಡಿಸಿದನಂತೆ. ಹೂವು ಉಳಿಯಿತು. ಇದನ್ನೆಲ್ಲ ಕಮಲಾ ಸೊಸೆಯಿಂದ ಕೇಳಿ ನನಗೆ ಹೇಳಿದಳು. ನಾನು ಅವನನ್ನು ಏನೂ ಕೇಳಲಿಲ್ಲ. ಅವತ್ತಿನಿಂದ ಆರೂವರೆ ವರ್ಷ ನಾನು ನನ್ನ ಮಗನ ಜೊತೆ ಮಾತಾಡಲಿಲ್ಲ. ಹಬ್ಬಕ್ಕೆ ಬಂದರೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದೆವು. "ಅಂವಗ ಅನ್ನ ಬೇಕೇನು ಕೇಳು," ಎಂದು ಕಮಲಾಗೆ ಹೇಳುತ್ತಿದ್ದೆ. ಮೊದಮೊದಲು ಸಿಟ್ಟಿತ್ತು. ಆಮೇಲೆ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ಬರೀ ಹಟ ಉಳಿಯಿತು. ಮೊದಲು ಬಾಯಿ ಬಿಟ್ಟವನು ಸೋತಂತೆ ಎಂದುಕೊಂಡಿದ್ದೆ.

ಕೋವಿಡ್‌ನ ಎರಡನೆಯ ಅಲೆಯಲ್ಲಿ ಕಿರಣ ಹೋದ. ಅವನಿಗೆ ಮೂವತ್ತೆಂಟು. ನಮಗೆ ಧಾರವಾಡದಿಂದ ಹೊರಡುವುದಕ್ಕೂ ಆಗಲಿಲ್ಲ. ನೋಡಿದ್ದೆಲ್ಲ ಮೊಬೈಲಿನ ಪರದೆಯಲ್ಲಿ.

ಮರುವರ್ಷ ಸೊಸೆ ಲತಾ ತನ್ನ ಅತ್ತೆಗೆ ಫೋನ್ ಮಾಡಿ, "ಅತ್ತಯ್ಯ, ನನ್ನ ಜೊತೆ ಬಂದು ಇರ್ರಿ," ಎಂದಳು. ಕರೆದದ್ದು ಕಮಲಾಳನ್ನು. ಅವಳ ಟ್ರಂಕಿನ ಜೊತೆ ನಾನೂ ಹೋದೆ. ಲತಾ ನನಗೆ ಒಂದು ದಿನವೂ ಅಗೌರವ ತೋರಿಸಲಿಲ್ಲ. ಹೊತ್ತಿಗೆ ಸರಿಯಾಗಿ ಕಾಫಿ ಕೊಡುತ್ತಿದ್ದಳು, ಬಿ.ಪಿ. ಮಾತ್ರೆ ತಂದಿಡುತ್ತಿದ್ದಳು, ತೆಲುಗಿನವರು ಮಾವನನ್ನು ಕರೆಯುವಂತೆ "ಮಾಮಯ್ಯಗಾರು" ಎನ್ನುತ್ತಿದ್ದಳು. ಅತ್ತೆಯ ಜೊತೆ ಜಗಳವಾಡುತ್ತಿದ್ದಳು, ನನ್ನ ಜೊತೆ ಆಡುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿದ್ದದ್ದು ಆ ಜಗಳಕ್ಕೆ.

ಟ್ಯಾಂಕಿನ ಕೆಲಸದಲ್ಲಿ ಅವಳಿಗೆ ನೆರವಾಗಲು ನಾನೇ ಮುಂದೆ ಬಿದ್ದೆ. ಟ್ಯಾಂಕಿನ ಕೆಳಗಿನ ಕಪಾಟಿನ ಬಾಗಿಲಿಗೆ ಕಿರಣ ಕನ್ನಡದಲ್ಲಿ ಬರೆದು ಅಂಟಿಸಿದ ಚೀಟಿ ಇತ್ತು. ಸಾಬೂನಿನ ಕೈ ಅದ್ದಬಾರದು, ಹತ್ತಿರ ಊದುಬತ್ತಿ ಹಚ್ಚಬಾರದು, ಮುದುಡಿದರೆ ಮುಟ್ಟಬಾರದು, ಕಾಯಬೇಕು. ವಾರಕ್ಕೊಮ್ಮೆ ಅದಕ್ಕೆ ಸೀಗಡಿಯ ಚೂರು ತಿನ್ನಿಸಬೇಕು. ಈರುಳ್ಳಿಯನ್ನೂ ವಾರ ನೋಡಿ ತಿನ್ನುವ ಮನೆತನದವನು ಎಪ್ಪತ್ತರ ಹತ್ತಿರ ಉದ್ದನೆಯ ಚಿಮಟದಲ್ಲಿ ಸೀಗಡಿ ಹಿಡಿದೆ. ಎಳೆಗಳು ಅದನ್ನು ಸುತ್ತಿಕೊಂಡು ನಡುವಿನ ಬಾಯಿಗೆ ಒಯ್ಯುವುದನ್ನು ನೋಡಿ, ಮತ್ತೆ ಸ್ನಾನ ಮಾಡಿ ಪೂಜೆಗೆ ಕೂರುತ್ತಿದ್ದೆ. ಕಮಲಾ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಲತಾ ಒಂದೆರಡು ಸಲ ನಕ್ಕಳು.

ನನಗೆ ಆಸೆ ಹುಟ್ಟಿತು. ಈ ಜೀವವನ್ನು ಚೆನ್ನಾಗಿ ನೋಡಿಕೊಂಡರೆ ಇವಳು ನನ್ನನ್ನು ಕ್ಷಮಿಸುತ್ತಾಳೆ, ಇವಳು ಕ್ಷಮಿಸಿದರೆ ಅವನು ಕ್ಷಮಿಸಿದಂತೆಯೇ. ಉಳಿದ ಆಯುಷ್ಯದಲ್ಲಿ ನನಗೆ ಬೇಕಾಗಿದ್ದುದು ಅಷ್ಟೇ.

ಈ ವರ್ಷ ಫೆಬ್ರವರಿಯಲ್ಲಿ ಲತಾಳಿಗೆ ವಿಜಯವಾಡದ ಕಚೇರಿಗೆ ವರ್ಗವಾಯಿತು. ವೈಜಾಗಿನಲ್ಲಿ ಸಮುದ್ರದ ಮೀನು ಮಾರುವ ಅಂಗಡಿಯ ದುರ್ಗಾಪ್ರಸಾದ್, ಕಿರಣನ ಗೆಳೆಯ, ಹೂವನ್ನು ತಾನಿಟ್ಟುಕೊಳ್ಳುತ್ತೇನೆಂದ. ಲತಾ ಒಪ್ಪಲಿಲ್ಲ. ಹಿಡಿದ ಕಲ್ಲಿನ ಸಮೇತ ಅದನ್ನು ನೀರು ತುಂಬಿದ ದಪ್ಪ ಚೀಲದಲ್ಲಿಟ್ಟು, ಚೀಲವನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಕಾರಿನಲ್ಲಿ ಒಯ್ದೆವು. ಏಳು ಗಂಟೆ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ನನ್ನ ಮಗನನ್ನು ನಾನು ಅಷ್ಟು ಹೊತ್ತು ತೊಡೆಯ ಮೇಲೆ ಕೂರಿಸಿಕೊಂಡ ನೆನಪಿಲ್ಲ.

ವಿಜಯವಾಡದ ಬೇಸಿಗೆಯನ್ನು ಕಂಡವರೇ ಬಲ್ಲರು. ಟ್ಯಾಂಕಿನ ನೀರು ತಣ್ಣಗಿರಲೆಂದು ಫ್ಯಾನು ಹಚ್ಚಿಟ್ಟರೆ ದಿನಕ್ಕೆ ಆರು ಲೀಟರ್ ಆವಿಯಾಗುತ್ತಿತ್ತು. ಉಪ್ಪು ಉಳಿದು ನೀರು ಮಾತ್ರ ಹೋಗುವುದರಿಂದ ಅಷ್ಟೇ ಶುದ್ಧ ನೀರನ್ನು ದಿನಾ ಮೇಲಿಂದ ಸುರಿಯಬೇಕು. ಅಡುಗೆಮನೆಯ ಫಿಲ್ಟರಿನ ನೀರನ್ನು ಬಿಳಿಯ ಪ್ಲಾಸ್ಟಿಕ್ ಕ್ಯಾನಿಗೆ ಹಿಡಿದು ಸುರಿಯುವುದು ನನ್ನ ಕೆಲಸ.

ಮೇ ಮೊದಲ ವಾರ ಕಿರಣನ ವರ್ಷದ ತಿಥಿ. ನನ್ನ ತಮ್ಮನ ಮಗ ಸುಮುಖ ಹುಬ್ಬಳ್ಳಿಯಿಂದ ಬಂದು ಕೃಷ್ಣಾ ನದಿಯ ಘಾಟಿನಲ್ಲಿ ತರ್ಪಣ ಬಿಟ್ಟ. ನಮ್ಮ ಮನೆತನದಲ್ಲಿ ಮಗನಿಗೆ ತಂದೆ ನೀರು ಬಿಡುವ ಪದ್ಧತಿಯಿಲ್ಲ. ಮಗ ತಂದೆಗೆ ಬಿಡಬೇಕು. ನಾನು ಮೆಟ್ಟಿಲ ಮೇಲೆ ನಿಂತು, ಸುಮುಖನ ಬೆರಳಿನಿಂದ ನೀರು ಇಳಿಯುವುದನ್ನು ನೋಡುತ್ತಿದ್ದೆ. ನನ್ನ ಕೈ ಖಾಲಿ ಇತ್ತು.

ಮರುದಿನ ಸ್ನಾನ ಮಾಡಿ, ಪೂಜೆ ಮುಗಿಸಿ, ಎಂದಿನಂತೆ ಆ ಕ್ಯಾನು ಎತ್ತಿದೆ. ಪ್ಲಾಸ್ಟಿಕ್ಕಿನ ವಾಸನೆ ಬಂತು. ಮನಸ್ಸಾಗಲಿಲ್ಲ. ದೇವರ ಮುಂದೆ ಕಮಲಾ ದಿನಾ ರಾತ್ರಿ ತುಂಬಿ, ಮಡಿಬಟ್ಟೆ ಮುಚ್ಚಿಡುವ ತಾಮ್ರದ ಬಿಂದಿಗೆ ಇತ್ತು. ಅದರೊಳಗಿರುವುದೂ ಫಿಲ್ಟರಿನ ನೀರೇ. ನಮ್ಮ ಮನೆಯಲ್ಲಿ ಅದಕ್ಕಿಂತ ಶುದ್ಧವಾದ ನೀರಿಲ್ಲ. ದೇವರಿಗೂ ಅದೇ, ಕಾಯಿಲೆಯವರಿಗೂ ಅದೇ. ಸ್ಟೂಲು ಹತ್ತಿ, ತಾಮ್ರದ ತಂಬಿಗೆಯಿಂದ ನಿಧಾನವಾಗಿ ಟ್ಯಾಂಕಿಗೆ ಎರೆದೆ. ಎರೆಯುವಾಗ ಮನಸ್ಸಿನಲ್ಲಿ ಮಗನ ಹೆಸರು ಹೇಳಿದೆ. ಕಣ್ಣು ತುಂಬಿತು. ಇಷ್ಟು ವರ್ಷದ ಮೇಲೆ ಅವನಿಗೆ ಏನೋ ಕೊಟ್ಟೆ ಅನ್ನಿಸಿತು. ಅವತ್ತಿನಿಂದ ಮೂರು ವಾರ, ಒಂದು ದಿನವೂ ತಪ್ಪಿಸದೆ, ಹಾಗೆಯೇ ಎರೆದೆ.

ಕ್ಷಮೆ ಕೇಳುತ್ತಿದ್ದೇನೆ ಎಂದುಕೊಂಡು ವಿಷ ಹಾಕುತ್ತಿದ್ದೆ. ತಾಮ್ರದ ಅಂಶ ಇಷ್ಟೇ ಇಷ್ಟು ಸೇರಿದರೂ ಮೀನು ತಾಳಿಕೊಂಡರೂ ಅಂಥ ಜೀವಗಳು ತಾಳುವುದಿಲ್ಲವಂತೆ. ನೀರು ಶುದ್ಧವಾದಷ್ಟೂ ರಾತ್ರಿಯೆಲ್ಲ ಬಿಂದಿಗೆಯಿಂದ ಹೆಚ್ಚು ತಾಮ್ರ ಹೀರುತ್ತದಂತೆ. ಆವಿಯಾಗುವುದು ನೀರು ಮಾತ್ರ, ತಾಮ್ರ ಅಲ್ಲೇ ಕೂಡಿಕೊಳ್ಳುತ್ತ ಹೋಗುತ್ತದೆ. ಕಿರಣನ ಚೀಟಿಯಲ್ಲಿ ಇದರ ಮಾತೇ ಇರಲಿಲ್ಲ. ಯಾರಾದರೂ ಟ್ಯಾಂಕಿಗೆ ಬಿಂದಿಗೆಯಿಂದ ನೀರು ಎರೆದಾರು ಎಂದು ಅವನಿಗೆ ಹೊಳೆದಿರಲಾರದು.

ಮೊದಲು ಹೂವು ಮುದುಡಿತು. ಚೀಟಿಯಲ್ಲಿದ್ದಂತೆ ಮುಟ್ಟದೆ ಕಾದೆವು. ಆಮೇಲೆ ಎಳೆಗಳು ಜೋತುಬಿದ್ದವು, ನಡುವಿನ ಬಾಯಿ ತೆರೆದೇ ಉಳಿಯಿತು. ಒಂದು ಬೆಳಿಗ್ಗೆ ಅದು ಕಲ್ಲು ಬಿಟ್ಟು ಮೂಲೆಯಲ್ಲಿ ಮಗುಚಿ ಬಿದ್ದಿತ್ತು. ಎರಡು ಮೀನುಗಳು ಮಾತ್ರ ಆರೋಗ್ಯವಾಗಿದ್ದವು, ಅದರ ಸುತ್ತ ಸುತ್ತ ತಿರುಗುತ್ತಿದ್ದವು. ಲತಾ ಉಪ್ಪು ನೋಡಿದಳು, ಬಿಸಿ ನೋಡಿದಳು, ಎಲ್ಲ ಸರಿ ಇತ್ತು. ದುರ್ಗಾಪ್ರಸಾದನಿಗೆ ಫೋನ್ ಮಾಡಿದಳು. ತಾಮ್ರ ಪರೀಕ್ಷೆ ಮಾಡು ಎಂದು ಅವನು ಹೇಳಿದ. ಅಂಗಡಿಯಿಂದ ತಂದ ಪುಟ್ಟ ಸೀಸೆಗೆ ಟ್ಯಾಂಕಿನ ನೀರು ಹಾಕಿ, ಔಷಧಿಯ ಹನಿ ಬಿಟ್ಟು ಕುಲುಕಿದಳು. ನೀರಿನ ಬಣ್ಣ ತಿರುಗಿತು.

ಸೀಸೆ ಹಿಡಿದುಕೊಂಡೇ ಅವಳು ಮನೆಯೆಲ್ಲ ಸುತ್ತಿದಳು. ದೇವರ ಮುಂದೆ ಬಂದು ನಿಂತಳು.

"ಈ ಬಿಂದಿಗಿ ನೀರು ಯಾರಾದ್ರೂ ಟ್ಯಾಂಕಿಗೆ ಹಾಕಿದ್ರಾ?" ಎಂದಳು.

ನಾನು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸತೊಡಗಿದೆ.

"ನಾ ಹಾಕೇನವಾ," ಎಂದಳು ಕಮಲಾ. "ಒಳ್ಳೇ ನೀರು ಅಂತ ಹಾಕ್ದೆ. ನನಗ ಗೊತ್ತಿದ್ದಿಲ್ಲ."

ಲತಾ ಅವಳನ್ನು ನೋಡಿದಳು. ಆಮೇಲೆ ನನ್ನನ್ನೂ ನೋಡಿದಳು, ತುಸು ಹೆಚ್ಚು ಹೊತ್ತೇ. "ಪರವಾಗಿಲ್ಲಂಡಿ," ಎಂದು ಒಳಗೆ ಹೋದಳು.

ಅಡುಗೆಮನೆಯಲ್ಲಿ ಕಮಲಾಳ ಮೇಲೆ ರೇಗಿದೆ. ರೇಗುವುದಕ್ಕೆ ನನಗೆ ಯಾವ ಹಕ್ಕಿತ್ತೋ! "ಸುಳ್ಳು ಯಾಕ ಹೇಳ್ದಿ?"

"ನನಗಾದ್ರ ಆಕಿ ಕ್ಷಮಾ ಮಾಡ್ತಾಳ. ನಿಮಗ ಮಾಡೂದಿಲ್ಲ," ಎಂದಳು ಅಕ್ಕಿ ತೊಳೆಯುತ್ತ. "ಸುಮ್ಮನ ಇರ್ರಿ ಇನ್ನ. ನಿಮಗ ರೂಢಿ ಅದಲ್ಲಾ."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಾನು ಸುಮ್ಮನಿದ್ದೆ. ಬೇರೆಯವರ ತಪ್ಪನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೆಳಗೆ ಸಹಿ ಮಾಡುತ್ತಿದ್ದವನು ನನ್ನ ತಪ್ಪು ಬಂದಾಗ ಹೆಂಡತಿಯ ಸೆರಗಿನ ಹಿಂದೆ ನಿಂತೆ. ಲತಾ ಹೊಸ ಉಪ್ಪುನೀರು ಮಾಡಿ ಹೂವನ್ನು ಬಕೆಟ್ಟಿಗೆ ಹಾಕಿದಳು, ದಿನಕ್ಕೆರಡು ಸಲ ನೀರು ಬದಲಿಸಿದಳು, ಕಚೇರಿಗೆ ರಜೆ ಹಾಕಿದಳು. ಅತ್ತೆಗೆ ಒಂದು ಮಾತೂ ಅನ್ನಲಿಲ್ಲ. ಊಟದ ಹೊತ್ತಿಗೆ ಮೂವರೂ ತಟ್ಟೆ ನೋಡಿಕೊಂಡು ಉಂಡೆವು. ಈಗ ಹೇಳುತ್ತೇನೆ, ಊಟವಾದ ಮೇಲೆ ಹೇಳುತ್ತೇನೆ, ಹೂವು ಸುಧಾರಿಸಿದ ಮೇಲೆ ಹೇಳುತ್ತೇನೆ. ಹೀಗೇ ಐದು ದಿನ ಹೋಯಿತು.

ಐದನೆಯ ದಿನ ದುರ್ಗಾಪ್ರಸಾದ್, ಕಡೇ ಪ್ರಯತ್ನ, ವೈಜಾಗಿಗೆ ತನ್ನಿ, ನನ್ನ ಹಳೆಯ ಟ್ಯಾಂಕಿನಲ್ಲಿಟ್ಟು ನೋಡೋಣ ಎಂದ. ಬೆಳಗಾಗುತ್ತಲೇ ಹೊರಟೆವು. ಲತಾ ಕಾರು ನಡೆಸುತ್ತಿದ್ದಳು, ಪಕ್ಕದಲ್ಲಿ ಕಮಲಾ, ಹಿಂದೆ ನಾನು ಮತ್ತು ಪೆಟ್ಟಿಗೆ. ರಾಜಮಂಡ್ರಿ ದಾಟಿದ ಮೇಲೆ ಪೆಟ್ಟಿಗೆಯಿಂದ ವಾಸನೆ ಬರತೊಡಗಿತು. ನಾನು ಹೇಳಲಿಲ್ಲ. ಅನ್ನವರಂ ಹತ್ತಿರ ಅವಳೇ ರಸ್ತೆ ಬದಿಗೆ, ಒಂದು ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿದಳು. ಹಿಂದಿನ ಬಾಗಿಲು ತೆಗೆದು ಪೆಟ್ಟಿಗೆಯ ಮುಚ್ಚಳ ಎತ್ತಿದಳು. ನೀರು ಹಾಲಿನಂತೆ ಬೆಳ್ಳಗಾಗಿತ್ತು. ಎಳೆಗಳು ಕರಗಿ ಕೆಳಗೆ ಕೂತಿದ್ದವು. ಬೆರಳಿನಿಂದ ಮುಟ್ಟಿದಳು, ಅದು ಬಿಟ್ಟುಬಂತು.

ಲತಾ ಅಳಲಿಲ್ಲ. ಮುಚ್ಚಳ ಹಾಕಿ, ಬಾಟಲಿಯ ನೀರಿನಲ್ಲಿ ಕೈ ತೊಳೆದು, ಕಾರಿಗೆ ಒರಗಿ ನಿಂತಳು. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು.

ಕಮಲಾ ಕೆಳಗಿಳಿದು ಅವಳ ತೋಳು ಹಿಡಿದಳು. "ನನ್ನ ಕೈಯಿಂದ ಆತವಾ. ನನ್ನ ಮಗಂದು ಒಂದು ಉಳದಿತ್ತು, ಅದನ್ನೂ ನಾನ ಕಳದೆ," ಎಂದು ಬಿಕ್ಕಿಬಿಕ್ಕಿ ಅತ್ತಳು.

ಅದನ್ನು ಕೇಳಿಕೊಂಡು ಕೂರುವುದಕ್ಕೆ ಆಗಲಿಲ್ಲ. ನಾನು ಕೆಟ್ಟವನಿರಬಹುದು, ಅಷ್ಟು ಕೆಟ್ಟವನಲ್ಲ. ಕಾರಿನಿಂದ ಇಳಿದೆ.

"ಆಕಿ ಅಲ್ಲವಾ ಲತಾ. ನಾನು. ನಾ ಹಾಕಿದ್ದು. ಮೂರು ವಾರ ದಿನಾ ಬೆಳಿಗ್ಗೆ ನಾನ ಹಾಕೇನಿ."

"ನೀವು ಸುಮ್ಮನ ಇರ್ರೀ," ಎಂದಳು ಕಮಲಾ.

"ಸುಮ್ಮನಿದ್ದದ್ದು ಸಾಕಾತು," ಎಂದೆ. ಘಾಟಿನ ಮೆಟ್ಟಿಲ ಮೇಲೆ ನಿಂತದ್ದು, ಮನಸ್ಸಿನಲ್ಲಿ ಅವನ ಹೆಸರು ಹೇಳುತ್ತ ಎರೆದದ್ದು, ಎಲ್ಲ ಹೇಳಿದೆ. ಲತಾ ಪೂರ್ತಿ ಕೇಳಿದಳು.

"ಗೊತ್ತು ಮಾಮಯ್ಯಗಾರು," ಎಂದಳು.

"ಗೊತ್ತು?"

"ಅತ್ತಯ್ಯನ ಬಲಗೈ ಭುಜದ ಮೇಲೆ ಏಳೂದಿಲ್ಲ. ಜಡೆ ಸಹ ನಾನೇ ಹಾಕ್ತೀನಿ. ಸ್ಟೂಲ್ ಹತ್ತಿ ಅಷ್ಟು ಮೇಲಿಂದ ನೀರು ಹೇಗೆ ಹಾಕ್ತಾರೆ?"

"ಮತ್ತ ಯಾಕ ಕೇಳ್ಲಿಲ್ಲ ನನ್ನ?"

"ನೀವೇ ಹೇಳ್ತೀರಿ ಅಂತ ಕಾದೆ. ಅದು ಸಾಯ್ತದ ಅಂತ ಮೊದಲ್ನೇ ದಿನಾನೇ ಗೊತ್ತಾಯ್ತು ನನಗೆ. ಆದ್ರೆ ನೀವು ಹೇಳ್ತೀರಿ ಅಂದ್ಕೊಂಡೆ." ಅವಳ ದನಿ ಮೊದಲ ಸಲ ಒಡೆಯಿತು. "ಅವರೂ ಹೀಗೇ ಕಾದ್ರು. ಪ್ರತಿ ಭಾನುವಾರ ಅತ್ತಯ್ಯಂಗೆ ಫೋನ್ ಮಾಡ್ತಿದ್ರು ಅಲ್ಲಾ, ಇಡೋಕೆ ಮುಂಚೆ ಒಂದ್ಸಲ ಕೇಳ್ತಿದ್ರು, ಅಪ್ಪ ಏನ್ಮಾಡ್ತಿದ್ದಾರೆ ಅಂತ. ಪೇಪರ್ ಓದ್ತಾರ ಅಂತಿದ್ರು ಅತ್ತಯ್ಯ. ಓದ್ಲಿ ಓದ್ಲಿ ಅಂತ ಇಡ್ತಿದ್ರು. ಆಮೇಲೆ ಸುಮಾರು ಹೊತ್ತು ಆ ಟ್ಯಾಂಕ್ ಮುಂದೆ ಕೂತಿರ್ತಿದ್ರು. ಆಸ್ಪತ್ರೆಗೆ ಹೋಗೋ ಹಿಂದಿನ ಭಾನುವಾರ ಸಹ ಕೇಳಿದ್ರು."

ಕಮಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಚಹಾದಂಗಡಿಯವನು ನಮ್ಮನ್ನು ನೋಡಿ ಬೇರೆ ಕಡೆ ತಿರುಗಿದ.

ಪ್ರತಿ ಭಾನುವಾರ ಹತ್ತು ಗಂಟೆಗೆ ಆ ಫೋನ್ ಬರುತ್ತಿತ್ತು. ಕಮಲಾಗೆ ಕಿವಿ ಮಂದ, ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತಿದ್ದಳು. ಅವಳಿಂದ ಎರಡು ಮಾರು ದೂರದ ಕುರ್ಚಿಯಲ್ಲಿ ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿರುತ್ತಿದ್ದೆ. ಒಂಬತ್ತೂವರೆಗೇ ಕೂರುತ್ತಿದ್ದೆ, ತಪ್ಪಿಹೋದೀತೆಂದು. ಇದನ್ನು ಕಮಲಾಗೂ ಹೇಳಿರಲಿಲ್ಲ.

"ನಾ ಪೇಪರ್ ಓದ್ತಿದ್ದಿಲ್ಲವಾ," ಎಂದೆ. "ಅಂವನ ದನಿ ಕೇಳ್ಕೋತ ಕೂತಿರ್ತಿದ್ದೆ. ಅಪ್ಪ ಏನ್ಮಾಡ್ತಾರ ಅಂತ ಅಂವಾ ಕೇಳಿದ್ದು ಎಲ್ಲಾ ಸಲಾನೂ ನನಗ ಕೇಳಿಸೇದ."

ಲತಾ ನನ್ನ ಮುಖವನ್ನೇ ನೋಡುತ್ತ ನಿಂತಳು. "ಅವರಿಗೆ ಇದು ಗೊತ್ತಿರಲಿಲ್ಲ, ಮಾಮಯ್ಯ," ಎಂದಳು.